ದೂರದರ್ಶಕದ ಮೋಟಾರಿಗೆ ಒಯ್ಯಬಲ್ಲ ಬ್ಯಾಟರಿಯ ಆಯ್ಕೆ

ತರಗತಿ: ಒಂಬತ್ತು ಮತ್ತು ಹತ್ತು
ವಿಷಯ: ವಿಜ್ಞಾನ ಮತ್ತು ತಂತ್ರಜ್ಞಾನ; ಕನ್ನಡ ಪರಿಭಾಷೆ
ಅವಧಿ: ಮೂರು ತರಗತಿಗಳು, ಒಂದು ರಜಾದಿನದ ಚಟುವಟಿಕೆ
ಸಾಮಗ್ರಿ: ಮಲ್ಟಿಮೀಟರ್, 12 ವೋಲ್ಟ್‌ನ ಒಂದು ಬ್ಯಾಟರಿ, ದ್ವಿಚಕ್ರ ವಾಹನದ 12 ವೋಲ್ಟ್ 10 ವ್ಯಾಟ್ ಬಲ್ಬು, ತಂತಿ, ಫ್ಯೂಸ್, ಗಡಿಯಾರ, ಆಲೇಖ ಹಾಳೆ

ಪಾಠದ ಉದ್ದೇಶಗಳು

1. ಸಾಮರ್ಥ್ಯ (ವ್ಯಾಟ್) ಮತ್ತು ಶಕ್ತಿ (ವ್ಯಾಟ್-ಗಂಟೆ) ಇವುಗಳ ವ್ಯತ್ಯಾಸವನ್ನು ವಿದ್ಯಾರ್ಥಿಯು ಲೆಕ್ಕದ ಮೂಲಕ ತಿಳಿಯುವನು.
2. ಬ್ಯಾಟರಿಯ ಮೇಲೆ ಬರೆದ ಸಂಖ್ಯೆಗೂ ಅದರಿಂದ ನಿಜವಾಗಿ ಪಡೆಯಬಹುದಾದ ಶಕ್ತಿಗೂ ಇರುವ ಅಂತರವನ್ನು ಪ್ರಯೋಗದಿಂದ ಕಂಡುಕೊಳ್ಳುವನು.
3. ಕನ್ನಡದ ಪಾರಿಭಾಷಿಕ ಪದಗಳನ್ನು ಮರಾಠಿಯ ಪದಗಳೊಡನೆ ಹೋಲಿಸಿ ತಪ್ಪಿಲ್ಲದೆ ಬಳಸುವನು.

ಪೀಠಿಕೆ

ಮಹಾರಾಷ್ಟ್ರದ ಒಂಬತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ವಿದ್ಯುತ್ ಪ್ರವಾಹದ ಪಾಠವು ಆರಂಭದಲ್ಲಿಯೂ ದೂರದರ್ಶಕಗಳ ಪಾಠವು ಕೊನೆಯಲ್ಲಿಯೂ ಬರುತ್ತವೆ. ನಡುವೆ ಹಲವು ತಿಂಗಳುಗಳು ಕಳೆಯುವುದರಿಂದ ಇವೆರಡಕ್ಕೂ ಸಂಬಂಧವಿದೆಯೆಂಬುದು ಮಕ್ಕಳ ಗಮನಕ್ಕೆ ಬರುವುದಿಲ್ಲ. ಈ ಪಾಠವು ಅವೆರಡನ್ನೂ ಒಂದೇ ಪ್ರಶ್ನೆಯಲ್ಲಿ ಕೂಡಿಸುತ್ತದೆ. ಶಿಕ್ಷಕರು ಮೊದಲಿಗೆ ಕೆಳಗಿನ ಸಂದರ್ಭವನ್ನು ತರಗತಿಯ ಮುಂದೆ ಇಡಬೇಕು.

ಜತ್ತ ತಾಲ್ಲೂಕಿನ ಒಂದು ಹಳ್ಳಿಯ ಕನ್ನಡ ಪ್ರೌಢಶಾಲೆ. ಊರವರ ನೆರವಿನಿಂದ ಮೋಟಾರು ಜೋಡಿಸಿದ ದೂರದರ್ಶಕವೊಂದು ಶಾಲೆಗೆ ಬಂದಿದೆ. ಚಳಿಗಾಲದ ಒಂದು ಸಂಜೆ 7 ಗಂಟೆಗೆ ಆಕಾಶವೀಕ್ಷಣೆ ಏರ್ಪಾಡಾಗಿದೆ. ಮೈದಾನದಲ್ಲಿ ವಿದ್ಯುತ್ ಸೌಕರ್ಯವಿಲ್ಲ. ಕಂಪ್ಯೂಟರ್ ಕೋಣೆಯ ಯುಪಿಎಸ್‌ನಿಂದ ಬಿಚ್ಚಿ ತಂದ 12 ವೋಲ್ಟ್, 7 ಆಂಪೇರ್-ಗಂಟೆಯ ಬ್ಯಾಟರಿಯನ್ನು 5 ಮೀಟರ್ ಉದ್ದದ ಸಣ್ಣ ತಂತಿಯಿಂದ ಜೋಡಿಸಲಾಗಿದೆ. ಸಾಲಿನಲ್ಲಿ 60 ಮಕ್ಕಳು ನಿಂತಿದ್ದಾರೆ. ಚಂದ್ರನನ್ನು ಎಲ್ಲರೂ ನೋಡಿದರು. ಬಳಿಕ ದೂರದರ್ಶಕವು ಗುರುಗ್ರಹದ ಕಡೆಗೆ ತಿರುಗಿತು. 37 ಮಕ್ಕಳು ಅದರ ಉಪಗ್ರಹಗಳನ್ನು ನೋಡಿದರು. ಗ್ರಹವನ್ನು ಮತ್ತೊಮ್ಮೆ ನಡುವಿಗೆ ತರಲೆಂದು ಗುಂಡಿ ಒತ್ತಿದೊಡನೆ ಕೈನಿಯಂತ್ರಕದ ದೀಪ ಆರಿತು, ಕ್ಷಣದಲ್ಲಿ ಮತ್ತೆ ಹೊತ್ತಿತು. ಆದರೆ ತಾನು ಯಾವ ದಿಕ್ಕಿಗೆ ಮುಖಮಾಡಿದ್ದೆನೆಂಬುದನ್ನು ಯಂತ್ರವು ಮರೆತಿತ್ತು. ನಕ್ಷತ್ರಗಳನ್ನು ಗುರುತಿಸಿ ಅದನ್ನು ಮೊದಲಿನಿಂದ ಅಣಿಗೊಳಿಸಬೇಕಾಯಿತು. ಅಣಿಗೊಳಿಸುವಾಗ ಮತ್ತೆ ಆರಿತು. ಉಳಿದ 23 ಮಕ್ಕಳು ನೋಡದೆಯೇ ಮನೆಗೆ ಹೋದರು. ದೂರದ ವಸ್ತಿಗಳಿಂದ ನಡೆದು ಬಂದವರೇ ಸಾಲಿನ ಕೊನೆಯಲ್ಲಿದ್ದರು.

ಇಲ್ಲಿ ತರಗತಿಗೆ ಕೇಳಬೇಕಾದ ಪ್ರಶ್ನೆ ಇದು: ಬ್ಯಾಟರಿ ಏಕೆ ಸೋತಿತು? ಕೊನೆಯ ಮಗುವಿನವರೆಗೂ ನಡೆಯುವ ಬ್ಯಾಟರಿಯನ್ನು ಆರಿಸುವುದು ಹೇಗೆ?

1. ಮೋಟಾರು ಏಕೆ ಬೇಕು

ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡು ನೋಡಿದರೆ ಭೂಮಿಯು ತನ್ನ ಅಕ್ಷದ ಮೇಲೆ ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ 4 ಸೆಕೆಂಡು ಬೇಕು. ಆದ್ದರಿಂದ ಆಕಾಶವು ಗಂಟೆಗೆ ಸುಮಾರು 15 ಡಿಗ್ರಿ, ಅಂದರೆ 4 ನಿಮಿಷಕ್ಕೆ 1 ಡಿಗ್ರಿ ಸರಿದಂತೆ ಕಾಣುತ್ತದೆ. ಚಂದ್ರಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಹೀಗಾಗಿ ಸುಮಾರು 2 ನಿಮಿಷದಲ್ಲಿ ಚಂದ್ರನು ತನ್ನ ಅಗಲದಷ್ಟೇ ದೂರ ಸರಿದಿರುತ್ತಾನೆ. ನೂರು ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ಒಮ್ಮೆಗೆ ಕಾಣುವ ಆಕಾಶವೂ ಸಾಮಾನ್ಯವಾಗಿ ಅರ್ಧ ಡಿಗ್ರಿಯಷ್ಟೇ. ನಡುವಿನಲ್ಲಿರಿಸಿದ ಗ್ರಹವು ಒಂದೇ ನಿಮಿಷದಲ್ಲಿ ಅಂಚು ಸೇರಿ ಮರೆಯಾಗುತ್ತದೆ. ಮೋಟಾರು ಇಲ್ಲದಿದ್ದರೆ ಪ್ರತಿಯೊಂದು ಮಗುವಿಗೂ ಶಿಕ್ಷಕರು ಹೊಸದಾಗಿ ಗುರಿ ಹಿಡಿಯಬೇಕಾಗುತ್ತದೆ.

ದೂರದರ್ಶಕವನ್ನು ಹೊತ್ತು ತಿರುಗಿಸುವ ಪೀಠಕ್ಕೆ ಮೌಂಟ್ ಎಂದು ಹೆಸರು. ಅದರ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸಿದರೆ ಆ ಒಂದೇ ಅಕ್ಷದ ಮೇಲೆ, ಭೂಮಿ ತಿರುಗುವ ವೇಗದಲ್ಲಿ, ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಸಾಕು. ಗ್ರಹವು ನಡುವಿನಲ್ಲಿಯೇ ನಿಲ್ಲುತ್ತದೆ. ಇದಕ್ಕಾಗಿ ಅಕ್ಷವನ್ನು ಉತ್ತರಕ್ಕೆ ಮುಖಮಾಡಿ ಊರಿನ ಅಕ್ಷಾಂಶದಷ್ಟು ಎತ್ತಬೇಕು. ಜತ್ತದಲ್ಲಿ ಅದು ಸುಮಾರು 17 ಡಿಗ್ರಿ.

ಇದೇ ತತ್ವದ ಬೃಹತ್ ನಿದರ್ಶನವು ಕನ್ನಡಿಗರು ಬಹುಕಾಲದಿಂದ ನೆಲೆಸಿರುವ ಇನ್ನೊಂದು ಗಡಿಸೀಮೆಯಾದ ನೀಲಗಿರಿಯಲ್ಲಿದೆ. ಊಟಿಯ ಬಳಿ ಮುತ್ತೋರೈಯಲ್ಲಿ 1970ರಿಂದ ಕೆಲಸ ಮಾಡುತ್ತಿರುವ ರೇಡಿಯೋ ದೂರದರ್ಶಕವು 530 ಮೀಟರ್ ಉದ್ದ, 30 ಮೀಟರ್ ಅಗಲವಾಗಿದೆ. ಗೋವಿಂದ ಸ್ವರೂಪರ ನೇತೃತ್ವದ ವಿಜ್ಞಾನಿಗಳು ಅಲ್ಲಿಯ ಅಕ್ಷಾಂಶದಷ್ಟೇ, ಅಂದರೆ ಸುಮಾರು 11 ಡಿಗ್ರಿ ಇಳಿಜಾರಿರುವ ಗುಡ್ಡವನ್ನು ಹುಡುಕಿ ಅದನ್ನು ಕಟ್ಟಿದರು. ಗುಡ್ಡದ ಇಳಿಜಾರೇ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರಗೊಳಿಸಿತು. ಶಾಲೆಯ ಪುಟ್ಟ ಮೌಂಟಿನಲ್ಲಿ ಗುಡ್ಡದ ಕೆಲಸವನ್ನು ಒಂದು ತಿರುಪು ಮಾಡುತ್ತದೆ.

2. ಒಂದೇ ಪದ, ಎರಡು ಅರ್ಥ

ಲೆಕ್ಕಕ್ಕೆ ಹೋಗುವ ಮೊದಲು ಪದಗಳನ್ನು ಸ್ಪಷ್ಟಪಡಿಸುವುದು ಅವಶ್ಯಕ. ಕನ್ನಡ ವಿಜ್ಞಾನ ಬರವಣಿಗೆಯಲ್ಲಿ ರೂಢವಾಗಿರುವಂತೆ ‘ಶಕ್ತಿ’ ಎಂದರೆ ಕೆಲಸ ಮಾಡಲು ಕೂಡಿಟ್ಟಿರುವುದು. ‘ಸಾಮರ್ಥ್ಯ’ ಎಂದರೆ ಆ ಶಕ್ತಿ ವ್ಯಯವಾಗುವ ದರ. ಮರಾಠಿಯಲ್ಲಿ ಮೊದಲನೆಯದು ‘ಊರ್ಜಾ’, ಎರಡನೆಯದು ‘ಶಕ್ತೀ’. ಕನ್ನಡದಲ್ಲಿ ಕೂಡಿಟ್ಟದ್ದನ್ನು ಹೇಳುವ ಪದವೇ ಮರಾಠಿಯಲ್ಲಿ ದರವನ್ನು ಹೇಳುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಮಗು ಇಲ್ಲಿ ಎಡವಿದರೆ ಅದು ಬುದ್ಧಿಯ ಕೊರತೆಯಲ್ಲ. ಎರಡು ಭಾಷೆಗಳನ್ನು ಬಲ್ಲುದರ ಫಲ. ಶಿಕ್ಷಕರು ತಪ್ಪನ್ನು ಗದರಿಸದೆ ಎರಡೂ ಪದಗಳನ್ನು ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ತೋರಿಸಬೇಕು.

ಇನ್ನೊಂದು ತೊಡಕೂ ಇದೆ. ಬ್ಯಾಟರಿಯು ಎಷ್ಟು ಹಿಡಿಯುತ್ತದೆ ಎಂಬುದಕ್ಕೂ ಅಂಗಡಿಯ ಮಾತಿನಲ್ಲಿ ‘ಸಾಮರ್ಥ್ಯ’ವೆಂದೇ ಹೇಳುವುದುಂಟು. ಈ ಪಾಠದಲ್ಲಿ ಅದನ್ನು ‘ಸಂಗ್ರಹ’ ಎಂದು ಕರೆದರೆ ಗೊಂದಲ ತಪ್ಪುತ್ತದೆ.

ಹೋಲಿಕೆಗೆ ಹಗೇವು ಒಳ್ಳೆಯ ಉದಾಹರಣೆ. ಹಗೇವಿನಲ್ಲಿ ತುಂಬಿಟ್ಟ ಜೋಳ ಸಂಗ್ರಹ. ಮನೆಯವರು ದಿನಕ್ಕೆ ಬೀಸಿಸುವ ಜೋಳ ಸಾಮರ್ಥ್ಯಕ್ಕೆ ಸಮ. ಮದುವೆಯ ದಿನ ಹೆಚ್ಚು ಬೀಸಿಸಬೇಕು. ಉಳಿದ ದಿನ ಕಡಿಮೆ. ಹಗೇವು ಎಷ್ಟು ದಿನ ಬಾಳುವುದೆಂಬುದು ಎರಡನ್ನೂ ಅವಲಂಬಿಸಿದೆ. ಹಾಗೆಯೇ,

ಸಾಮರ್ಥ್ಯ (ವ್ಯಾಟ್) = ವಿಭವಾಂತರ (ವೋಲ್ಟ್) × ವಿದ್ಯುತ್ ಪ್ರವಾಹ (ಆಂಪೇರ್)
ಶಕ್ತಿ (ವ್ಯಾಟ್-ಗಂಟೆ) = ಸಾಮರ್ಥ್ಯ (ವ್ಯಾಟ್) × ಕಾಲ (ಗಂಟೆ)
ಸಂಗ್ರಹ (ವ್ಯಾಟ್-ಗಂಟೆ) = ವೋಲ್ಟ್ × ಆಂಪೇರ್-ಗಂಟೆ

3. ಬೇಡಿಕೆಯ ಲೆಕ್ಕ

ಬ್ಯಾಟರಿಯನ್ನು ಕೊಳ್ಳುವ ಮೊದಲು ಮೌಂಟ್ ಎಷ್ಟು ಬೇಡುತ್ತದೆ ಎಂಬುದನ್ನು ಅಳೆಯಬೇಕು. ಮಲ್ಟಿಮೀಟರನ್ನು ಆಂಪೇರ್ ಅಳತೆಗೆ ಹೊಂದಿಸಿ ಸರಣಿಯಲ್ಲಿ ಜೋಡಿಸಿದರೆ ಎರಡು ಸಂಖ್ಯೆಗಳು ದೊರೆಯುತ್ತವೆ: ಗ್ರಹವನ್ನು ನಿಧಾನವಾಗಿ ಹಿಂಬಾಲಿಸುವಾಗಿನ ಪ್ರವಾಹ, ಒಂದು ಕಡೆಯಿಂದ ಇನ್ನೊಂದು ಕಡೆಗೆ ವೇಗವಾಗಿ ತಿರುಗುವಾಗಿನ ಪ್ರವಾಹ. ಮೌಂಟಿನಿಂದ ಮೌಂಟಿಗೆ ಇವು ಬೇರೆಯಾಗುತ್ತವೆ. ಅಳೆಯಲಾಗದಿದ್ದರೆ ಮೌಂಟಿನ ಜೊತೆ ಬಂದ ಪುಸ್ತಿಕೆಯನ್ನು ನೋಡಬಹುದು. ಪಾಠದ ಲೆಕ್ಕಕ್ಕಾಗಿ ಹಿಂಬಾಲಿಸುವಾಗ 0.6 ಆಂಪೇರ್, ತಿರುಗುವಾಗ 1.8 ಆಂಪೇರ್ ಎಂದು ಹಿಡಿಯಬಹುದು.

ಕಾರ್ಯಕ್ರಮದ ಅವಧಿ 4 ಗಂಟೆ. ಅದರಲ್ಲಿ ವೇಗವಾಗಿ ತಿರುಗುವ ಒಟ್ಟು ಕಾಲ 20 ನಿಮಿಷ. ಉಳಿದ 3 ಗಂಟೆ 40 ನಿಮಿಷ ಹಿಂಬಾಲಿಸುವಿಕೆ.

ಹಿಂಬಾಲಿಸಲು: 12 × 0.6 = 7.2 ವ್ಯಾಟ್, 3 ಗಂಟೆ 40 ನಿಮಿಷಕ್ಕೆ 26.4 ವ್ಯಾಟ್-ಗಂಟೆ
ತಿರುಗಲು: 12 × 1.8 = 21.6 ವ್ಯಾಟ್, 20 ನಿಮಿಷಕ್ಕೆ 7.2 ವ್ಯಾಟ್-ಗಂಟೆ
ಕೆಂಪು ದೀಪಕ್ಕೆ: 1 ವ್ಯಾಟ್, 4 ಗಂಟೆಗೆ 4 ವ್ಯಾಟ್-ಗಂಟೆ
ಒಟ್ಟು: 37.6 ವ್ಯಾಟ್-ಗಂಟೆ

ಮೋಡ ಬಂದು ತಡವಾಗಬಹುದು, ಮಕ್ಕಳ ಜೊತೆ ತಾಯಂದಿರೂ ಬರಬಹುದು. ಆದ್ದರಿಂದ ಕಾಲುಭಾಗ ಹೆಚ್ಚಿಗೆ ಸೇರಿಸಿ 47 ವ್ಯಾಟ್-ಗಂಟೆ ಎಂದು ನಿಶ್ಚಯಿಸಬೇಕು.

4. ಬರೆದದ್ದೆಷ್ಟು, ಬಳಸಬಹುದಾದದ್ದೆಷ್ಟು

ಇಷ್ಟು ಲೆಕ್ಕವಾದ ಮೇಲೆ ಜಾಣ ವಿದ್ಯಾರ್ಥಿನಿಯೊಬ್ಬಳು ಹೀಗೆ ಕೇಳುವಳೆಂದು ನಿರೀಕ್ಷಿಸಬಹುದು: “ಅಕ್ಕೋರ, ಬ್ಯಾಟರಿ ಮ್ಯಾಲ ಬರದದ್ದು 12 ವೋಲ್ಟ್, 7 ಆಂಪೇರ್-ಗಂಟೆ. ಗುಣಿಸಿದ್ರ 84 ಬರತೈತಿ. ನಮಗ ಬೇಕಾದ್ದು 38ರ ಸುಮಾರು. ಮತ್ತ ಅದು ಯಾಕ ನಿಂತಿತು?”

ಇದು ಪಾಠದ ಹೃದಯಭಾಗ. ಉತ್ತರವನ್ನು ಒಮ್ಮೆಗೇ ಹೇಳದೆ ಮೂರು ಹಂತಗಳಲ್ಲಿ ಹೊರಡಿಸಬೇಕು.

ಮೊದಲನೆಯದು, ಸೀಸ-ಆಮ್ಲ ಬ್ಯಾಟರಿಯ ಸಂಗ್ರಹದಲ್ಲಿ ಅರ್ಧವನ್ನು ಮಾತ್ರ ಬಳಸುವುದು ಕ್ಷೇಮ. ಹಗೇವಿನಲ್ಲಿ ಬೀಜಕ್ಕೆಂದು ತೆಗೆದಿಟ್ಟ ಜೋಳವಿರುತ್ತದೆ. ಹಸಿವಾದಾಗ ಅದನ್ನೂ ತಿನ್ನಬಹುದು. ಆದರೆ ಮುಂದಿನ ವರ್ಷದ ಬಿತ್ತನೆ ನಿಲ್ಲುತ್ತದೆ. ಬ್ಯಾಟರಿ ಬರಿದಾಗುತ್ತಾ ಹೋದಂತೆ ಅದರ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಆಳವಾಗಿ ಬರಿದುಮಾಡಿ ಹಾಗೆಯೇ ಬಿಟ್ಟರೆ ಆ ಹರಳುಗಳು ಗಟ್ಟಿಯಾಗಿ, ಮತ್ತೆ ಚಾರ್ಜ್ ಮಾಡಿದರೂ ಕರಗುವುದಿಲ್ಲ. ಹೀಗಾಗಿ 84ರಲ್ಲಿ ಬಳಸಬಹುದಾದದ್ದು 42. ಬೇಕಾದದ್ದು 47.

ಎರಡನೆಯದು, ಸಣ್ಣ ಸೀಸ-ಆಮ್ಲ ಬ್ಯಾಟರಿಯ ಮೇಲೆ ಬರೆದ ಸಂಖ್ಯೆ ಸಾಮಾನ್ಯವಾಗಿ 20 ಗಂಟೆಗಳ ಕಾಲ ನಿಧಾನವಾಗಿ ಸೆಳೆದಾಗ ದೊರೆಯುವ ಸಂಗ್ರಹ. 7 ಆಂಪೇರ್-ಗಂಟೆಗೆ ಅದು 0.35 ಆಂಪೇರ್. ಅದಕ್ಕಿಂತ ವೇಗವಾಗಿ ಸೆಳೆದರೆ ದೊರೆಯುವ ಒಟ್ಟು ಪ್ರಮಾಣವೂ ಕಡಿಮೆಯಾಗುತ್ತದೆ. ಜರ್ಮನಿಯ ಪೊಯ್ಕರ್ಟ್ ಎಂಬ ವಿಜ್ಞಾನಿ 1897ರಲ್ಲಿ ಈ ನಿಯಮವನ್ನು ನಿರೂಪಿಸಿದರು. ಯುಪಿಎಸ್‌ನಲ್ಲಿ ವರ್ಷಗಟ್ಟಲೆ ದುಡಿದ ಬ್ಯಾಟರಿಯಲ್ಲಿ ಇನ್ನಷ್ಟು ಕಡಿಮೆ. ಚಳಿಯೂ ಅದನ್ನು ಕುಗ್ಗಿಸುತ್ತದೆ.

ಮೂರನೆಯದು, ಸಂಗ್ರಹವಿದ್ದರೂ ವಿಭವಾಂತರ ಸಾಲದೆ ಹೋಗಬಹುದು. ಇಂಥ ಮೌಂಟುಗಳಲ್ಲಿ ಅನೇಕಕ್ಕೆ ಕನಿಷ್ಠ 11 ವೋಲ್ಟ್ ಬೇಕು. ಅರ್ಧ ಬರಿದಾದ ಸೀಸ-ಆಮ್ಲ ಬ್ಯಾಟರಿಯಲ್ಲಿ ಸುಮಾರು 12.1 ವೋಲ್ಟ್ ಇರುತ್ತದೆ. ನಡುವಿನ ತಂತಿ ಎಷ್ಟನ್ನು ನುಂಗುತ್ತದೆ ಎಂಬುದನ್ನು ಓಮನ ನಿಯಮದಿಂದ ಕಂಡುಹಿಡಿಯಬೇಕು. 5 ಮೀಟರ್ ತಂತಿಯೆಂದರೆ ಹೋಗಿಬರಲು 10 ಮೀಟರ್ ತಾಮ್ರ. ಅಡ್ಡಕೊಯ್ತದ ವಿಸ್ತೀರ್ಣ 0.2 ಚದರ ಮಿಲಿಮೀಟರ್ ಇದ್ದರೆ ರೋಧ 0.86 ಓಮ್.

ಹಿಂಬಾಲಿಸುವಾಗ ನಷ್ಟ: 0.6 × 0.86 = 0.52 ವೋಲ್ಟ್, ಮೌಂಟಿಗೆ ತಲುಪುವುದು 11.58
ತಿರುಗುವಾಗ ನಷ್ಟ: 1.8 × 0.86 = 1.55 ವೋಲ್ಟ್; ಮೌಂಟಿಗೆ ತಲುಪುವುದು 10.55

ಗ್ರಹವನ್ನು ಹಿಂಬಾಲಿಸುತ್ತಿದ್ದ ಯಂತ್ರವು ಗುಂಡಿ ಒತ್ತಿದ ಕ್ಷಣದಲ್ಲಿಯೇ ಏಕೆ ಆರಿತು ಎಂಬುದು ಈ ಎರಡು ಸಾಲುಗಳಲ್ಲಿದೆ. 1 ಚದರ ಮಿಲಿಮೀಟರ್ ತಂತಿಯನ್ನು ಬಳಸಿದ್ದರೆ ತಿರುಗುವಾಗಲೂ ನಷ್ಟ 0.31 ವೋಲ್ಟ್ ಮಾತ್ರ. ಅಂದರೆ ಆ ರಾತ್ರಿ ಸೋತದ್ದು ಬ್ಯಾಟರಿಯೊಂದೇ ಅಲ್ಲ. ದಪ್ಪ ತಂತಿಯಿದ್ದಿದ್ದರೆ ಅದೇ ಬ್ಯಾಟರಿ ಇನ್ನೂ ಕೆಲವು ಮಕ್ಕಳಿಗೆ ಗುರುವನ್ನು ತೋರಿಸುತ್ತಿತ್ತು.

5. ಬ್ಯಾಟರಿಗಳ ಹೋಲಿಕೆ

ವಿದ್ಯಾರ್ಥಿಗಳನ್ನು ಐದು ಗುಂಪುಗಳಾಗಿ ಮಾಡಿ ಒಂದೊಂದು ಗುಂಪಿಗೆ ಒಂದೊಂದು ಬಗೆಯನ್ನು ಒಪ್ಪಿಸಬೇಕು. ಗುರಿ 47 ವ್ಯಾಟ್-ಗಂಟೆ ಎಂಬುದು ಎಲ್ಲರಿಗೂ ಸಮಾನ.

ಮುಚ್ಚಿದ ಸೀಸ-ಆಮ್ಲ, 12 ವೋಲ್ಟ್ 12 ಆಂಪೇರ್-ಗಂಟೆ. ಸಂಗ್ರಹ 144, ಬಳಸಬಹುದಾದದ್ದು 72. ಸಾಕಾಗುತ್ತದೆ. ಬೆಲೆ ಕಡಿಮೆ, ತಾಲ್ಲೂಕಿನ ಪೇಟೆಯಲ್ಲಿಯೇ ದೊರೆಯುತ್ತದೆ. ಆದರೆ ತೂಕ ಹೆಚ್ಚು. ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ರೂಪಿಸಿದ ತತ್ವವೇ ಇಂದಿಗೂ ಇದರಲ್ಲಿದೆ.

ಲಿಥಿಯಮ್ ಐರನ್ ಫಾಸ್ಫೇಟ್, 12.8 ವೋಲ್ಟ್ 6 ಆಂಪೇರ್-ಗಂಟೆ. ಸಂಗ್ರಹ 76.8, ನೂರಕ್ಕೆ 80 ಬಳಸಿದರೂ 61. ಸಾಕಾಗುತ್ತದೆ. ಒಂದು ಮಗು ಸುಲಭವಾಗಿ ಎತ್ತುವಷ್ಟು ಹಗುರ. 3.2 ವೋಲ್ಟ್‌ನ ನಾಲ್ಕು ಕೋಶಗಳು ಸರಣಿಯಲ್ಲಿರುವುದರಿಂದ ಕೊನೆಯವರೆಗೂ ವಿಭವಾಂತರ ಹೆಚ್ಚು ಇಳಿಯುವುದಿಲ್ಲ. ಬೆಲೆ ಹೆಚ್ಚಾದರೂ ಚಾರ್ಜಿನ ಆವರ್ತಗಳು ಸೀಸ-ಆಮ್ಲದಲ್ಲಿ ಕೆಲವು ನೂರಾದರೆ ಇದರಲ್ಲಿ ಸಾವಿರಗಳಲ್ಲಿರುತ್ತವೆ. ಕೊರತೆಯೆಂದರೆ, ಬರಿದಾಗುವ ಮುನ್ನ ಇದು ಸೂಚನೆ ಕೊಡುವುದಿಲ್ಲ. ಒಳಗಿನ ರಕ್ಷಣಾ ಮಂಡಲವು ಒಮ್ಮೆಗೇ ಕಡಿದುಬಿಡುತ್ತದೆ. ಈ ರಾಸಾಯನಿಕವನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ 1997ರ ಸಂಶೋಧನಾ ಲೇಖನದ ಕರ್ತೃಗಳಲ್ಲಿ, ಮುಂದೆ 2019ರ ನೊಬೆಲ್ ಪಡೆದ ಗುಡ್‌ಇನಫ್ ಅವರ ಜೊತೆಗೆ ಪಾಧಿ, ನಂಜುಂಡಸ್ವಾಮಿ ಎಂಬ ಹೆಸರುಗಳೂ ಇವೆ.

ಮೂರು ಕೋಶಗಳ ಲಿಥಿಯಮ್-ಅಯಾನ್, 11.1 ವೋಲ್ಟ್. ತುಂಬಿದಾಗ 12.6 ವೋಲ್ಟ್ ಇದ್ದು ಬಳಸಿದಂತೆ 9ರ ಸಮೀಪಕ್ಕೆ ಇಳಿಯುತ್ತದೆ. 11 ವೋಲ್ಟ್‌ಗೆ ನಿಲ್ಲುವ ಮೌಂಟಿಗೆ ಇದರ ಸಂಗ್ರಹದ ಬಹುಭಾಗ ತಲುಪುವುದೇ ಇಲ್ಲ. ‘12 ವೋಲ್ಟ್’ ಎಂದು ಹೆಸರಿಟ್ಟು ಮಾರುವುದರಿಂದ ಕೊಳ್ಳುವಾಗ ಎಚ್ಚರ ಬೇಕು.

ಮೊಬೈಲಿನ ಪವರ್ ಬ್ಯಾಂಕ್, 20,000 ಮಿಲಿಆಂಪೇರ್-ಗಂಟೆ. ಇದು 20 ಆಂಪೇರ್-ಗಂಟೆಯಾದ್ದರಿಂದ 12ರಿಂದ ಗುಣಿಸಿ 240 ಎಂದು ಬರೆಯುವ ಗುಂಪು ಖಂಡಿತ ಇರುತ್ತದೆ. ಬರೆದ ಸಂಖ್ಯೆ ಒಳಗಿನ 3.7 ವೋಲ್ಟ್ ಕೋಶಕ್ಕೆ ಸಂಬಂಧಿಸಿದ್ದು. ನಿಜವಾದ ಸಂಗ್ರಹ 74. ಹೊರಗೆ ದೊರೆಯುವುದು ಸಾಮಾನ್ಯವಾಗಿ 5 ವೋಲ್ಟ್. 12 ವೋಲ್ಟ್ ಕೊಡುವ ಬಗೆಗಳೂ ಇವೆ. ಆದರೆ ಅದನ್ನು ಪರೀಕ್ಷಿಸದೆ ನಂಬಬಾರದು, ಪರಿವರ್ತನೆಯ ನಷ್ಟವನ್ನೂ ಕಳೆಯಬೇಕು.

ಎರವಲು ತಂದ ಟ್ರ್ಯಾಕ್ಟರ್ ಬ್ಯಾಟರಿ, 12 ವೋಲ್ಟ್ 75 ಆಂಪೇರ್-ಗಂಟೆ. ಸಂಗ್ರಹ 900. ಇಂಜಿನ್ ಹೊರಡಿಸಲು ಕ್ಷಣಕಾಲ ಹೆಚ್ಚು ಪ್ರವಾಹ ಕೊಡಲೆಂದು ಮಾಡಿದ ಇದನ್ನು ಆಳವಾಗಿ ಬರಿದುಮಾಡಿದರೆ ಬೇಗ ಕೆಡುತ್ತದೆ. ಆದರೆ 47 ಎಂದರೆ ಅದರ ನೂರಕ್ಕೆ 5ರಷ್ಟು ಮಾತ್ರ. ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಎಂದಿನಂತೆಯೇ ಹೊರಡುತ್ತದೆ. ಶಾಲೆಯಲ್ಲಿ ಹಣವಿಲ್ಲದಾಗ ಇದು ಒಳ್ಳೆಯ ದಾರಿ. ತೂಕ, ಒಳಗಿನ ಆಮ್ಲ, ತೆರೆದ ಧ್ರುವಗಳು ಇವೇ ಅದರ ಅಪಾಯಗಳು. ಅದನ್ನು ಹಿರಿಯರೇ ಎತ್ತಿ ಇಡಬೇಕು.

6. ಚಟುವಟಿಕೆ: ಬ್ಯಾಟರಿಯ ಪರೀಕ್ಷೆ

ಶಾಲೆಯಲ್ಲಿರುವ ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಫ್ಯೂಸ್ ಮೂಲಕ 10 ವ್ಯಾಟ್ ಬಲ್ಬಿಗೆ ಜೋಡಿಸಬೇಕು. ಪ್ರತಿ ಅರ್ಧ ಗಂಟೆಗೊಮ್ಮೆ ವಿಭವಾಂತರವನ್ನು ಬರೆದುಕೊಂಡು, 12.0 ವೋಲ್ಟ್‌ಗೆ ಇಳಿದೊಡನೆ ನಿಲ್ಲಿಸಿ, ಕೂಡಲೇ ಮತ್ತೆ ಚಾರ್ಜಿಗೆ ಹಾಕಬೇಕು. 4 ಗಂಟೆ ಉರಿದರೆ ಬಳಸಬಹುದಾದ ಶಕ್ತಿ ಸುಮಾರು 40 ವ್ಯಾಟ್-ಗಂಟೆ. 2 ಗಂಟೆಗೇ ನಿಂತರೆ 20. ಕಾಲವನ್ನು ಅಡ್ಡಲಾಗಿಯೂ ವೋಲ್ಟನ್ನು ಲಂಬವಾಗಿಯೂ ಗುರುತಿಸಿ ಆಲೇಖ ಬರೆಯಿಸಬೇಕು. ಹೀಗೆ ದೊರೆತ ಸಂಖ್ಯೆಯನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದು, ದಿನಾಂಕದೊಡನೆ ಬ್ಯಾಟರಿಯ ಮೇಲೆ ಅಂಟಿಸಬೇಕು. ತಯಾರಕರು ಬರೆದ ಸಂಖ್ಯೆಯ ಪಕ್ಕದಲ್ಲಿ ಮಕ್ಕಳು ಅಳೆದ ಸಂಖ್ಯೆಯೂ ಇರಲಿ.

ಲಿಥಿಯಮ್ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ವಿಧಾನ ಸಲ್ಲದು. ಅದರ ವಿಭವಾಂತರ ಬಹುಕಾಲ ಒಂದೇ ಮಟ್ಟದಲ್ಲಿರುವುದರಿಂದ ವೋಲ್ಟ್ ನೋಡಿ ಉಳಿಕೆಯನ್ನು ಊಹಿಸಲಾಗದು. ಬಳಸಿದ ಗಂಟೆಗಳ ಲೆಕ್ಕವನ್ನೇ ಇಡಬೇಕು.

7. ಸುರಕ್ಷತೆ ಮತ್ತು ಸಂರಕ್ಷಣೆ

• ಧನ ಧ್ರುವದ ತಂತಿಯಲ್ಲಿ, ಬ್ಯಾಟರಿಗೆ ಅತಿ ಸಮೀಪದಲ್ಲಿ ಫ್ಯೂಸ್ ಇರಲೇಬೇಕು. ಅದರ ಪ್ರಮಾಣವನ್ನು ಮೌಂಟಿನ ಪುಸ್ತಿಕೆಯಲ್ಲಿ ನೋಡಬೇಕು.
• ಮೌಂಟಿಗೆ ಚುಚ್ಚುವ ಪಿನ್ನಿನಲ್ಲಿ ಧನ ಯಾವುದು, ಋಣ ಯಾವುದು ಎಂಬುದನ್ನು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳದೆ ಜೋಡಿಸಬಾರದು.
• ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರಬಹುದು. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಇಡಬೇಕು.
• ಲಿಥಿಯಮ್ ಬ್ಯಾಟರಿಗೆ ಅದರದೇ ಚಾರ್ಜರ್ ಬಳಸಬೇಕು. ಉಬ್ಬಿದ ಅಥವಾ ಬಿಸಿಯಾಗುವ ಬ್ಯಾಟರಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ತಿಳಿಹೇಳಬೇಕು.
• ಸಾಲಿನಲ್ಲಿ ನಿಂತ ಮಕ್ಕಳ ಕಾಲಿಗೆ ತಂತಿ ತೊಡರದಂತೆ ಬ್ಯಾಟರಿಯನ್ನು ಮುಕ್ಕಾಲಿಯ ಬುಡದಲ್ಲಿಯೇ ಇಡಬೇಕು. ಆಗ ತಂತಿಯೂ ಮೋಟಾಗಿ ನಷ್ಟ ಕಡಿಮೆಯಾಗುತ್ತದೆ.
• ಬೇಸಿಗೆ ರಜೆಯ ಮುನ್ನ ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ತಿ ತುಂಬಿಡಬೇಕು. ಲಿಥಿಯಮ್ ಬ್ಯಾಟರಿಯನ್ನು ಅರ್ಧಕ್ಕಿಂತ ತುಸು ಹೆಚ್ಚು ತುಂಬಿ ತಂಪಾದ ಕಡೆ ಇಡಬೇಕು.

8. ಮೌಲ್ಯಮಾಪನ

1. ಒಂದು ಮೌಂಟ್ ಸರಾಸರಿ 10 ವ್ಯಾಟ್ ಬಳಸುತ್ತದೆ. 5 ಗಂಟೆಗೆ ಬೇಕಾದ ಶಕ್ತಿಯೆಷ್ಟು? ಕಾಲುಭಾಗ ಹೆಚ್ಚಿಗೆ ಸೇರಿಸಿದರೆ ಎಷ್ಟು ಆಂಪೇರ್-ಗಂಟೆಯ 12 ವೋಲ್ಟ್ ಸೀಸ-ಆಮ್ಲ ಬ್ಯಾಟರಿ ಬೇಕು?
2. ‘ಈ ಬ್ಯಾಟರಿಯಲ್ಲಿ 84 ವ್ಯಾಟ್ ಇದೆ.’ ಈ ವಾಕ್ಯದಲ್ಲಿಯ ತಪ್ಪನ್ನು ತಿದ್ದಿ ಬರೆಯಿರಿ.
3. ತಂತಿಯ ಉದ್ದವನ್ನು ಅರ್ಧಕ್ಕಿಳಿಸಿದರೆ ವಿಭವಾಂತರದ ನಷ್ಟ ಏನಾಗುತ್ತದೆ? ಕಾರಣ ಕೊಡಿರಿ.
4. ಶಾಲೆಗೆ ಬ್ಯಾಟರಿ ಕೊಡಿಸಬೇಕೆಂದು ಗ್ರಾಮ ಪಂಚಾಯತಿಯ ಸರಪಂಚರಿಗೆ ಕನ್ನಡದಲ್ಲಿ ಒಂದು ಅರ್ಜಿ ಬರೆಯಿರಿ. ಯಾವ ಬಗೆ, ಎಷ್ಟು ಸಂಗ್ರಹ, ಏಕೆ ಎಂಬುದನ್ನು ಲೆಕ್ಕಸಹಿತ ವಿವರಿಸಿರಿ.

ಶಿಕ್ಷಕರಿಗೆ ಸೂಚನೆ

ನಾಲ್ಕನೆಯ ಪ್ರಶ್ನೆಗೆ ಹೆಚ್ಚು ಗಮನ ಕೊಡಬೇಕು. ಮಕ್ಕಳು ಲೆಕ್ಕವನ್ನು ಮನೆಯ ಮಾತಿನಲ್ಲಿ ಚರ್ಚಿಸಲಿ. ಅರ್ಜಿಯನ್ನು ಗ್ರಂಥಭಾಷೆಯಲ್ಲಿ ಬರೆಯಲಿ. ಬೇಕಾದರೆ ಅದರ ಮರಾಠಿ ರೂಪವನ್ನೂ ತಯಾರಿಸಬಹುದು. ಆಗ ‘ಶಕ್ತಿ’ ಇದ್ದಲ್ಲಿ ‘ಊರ್ಜಾ’ ಬರೆಯಬೇಕಾದೀತೆಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ.

ಇಷ್ಟೆಲ್ಲ ಸಿದ್ಧತೆಯ ಮೇಲೂ ಬ್ಯಾಟರಿ ಕೈಕೊಟ್ಟರೆ ವೀಕ್ಷಣೆಯನ್ನು ನಿಲ್ಲಿಸಬಾರದು. ಕ್ಲಚ್ ಇರುವ ಮೌಂಟನ್ನು ಸಡಿಲಿಸಿ ಕೈಯಿಂದಲೇ ತಿರುಗಿಸಬಹುದು. ಹಿಗ್ಗಿಸುವಿಕೆ ಕಡಿಮೆಯಿರುವ ಕಣ್ಣುಮಸೂರ ಹಾಕಿದರೆ ಗ್ರಹವು ಹೆಚ್ಚು ಹೊತ್ತು ಕಾಣುತ್ತದೆ. ಮುಂದಿನ ಸಲ ಸಾಲನ್ನು ಹಿಂದಿನಿಂದ ಆರಂಭಿಸುವುದು ಉಚಿತ. ದೂರದಿಂದ ನಡೆದು ಬಂದವರು ಮೊದಲು ನೋಡಿ ಬೇಗ ಮನೆ ಸೇರಬಹುದು.